ಡ್ರೈವ್‌ವೇಯಲ್ಲೇ ಟ್ರೈಲರ್ ಹಿಚ್: ಕರ್ಟ್ ಕ್ಲಾಸ್ 3 ಕಿಟ್ ಹೇಗಿದೆ?

ಸಿಯೆನಾ, ರ‍್ಯಾವ್4, ಸಿಆರ್-ವಿ ಓಡಿಸುವ ಅಮೆರಿಕದ ಕನ್ನಡ ಮನೆಗಳಲ್ಲಿ ಹಿಚ್ಚಿನ ಮಾತು, ಅಂದರೆ ಟ್ರೈಲರ್ ಎಳೆಯಲು ಅಥವಾ ಸೈಕಲ್ ರ‍್ಯಾಕ್ ಸಿಕ್ಕಿಸಲು ಕಾರಿನ ಹಿಂಬದಿಯ ಅಡಿಗೆ ಕೂರಿಸುವ ಕಬ್ಬಿಣದ ಕೊಂಡಿಯ ಮಾತು, ಬರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಮನೆಯಲ್ಲಿ ಸೈಕಲ್ಲುಗಳು ನಾಲ್ಕಾಗಿರುತ್ತವೆ, ಇಲ್ಲವೇ ಮನೆ ಬದಲಿಸಲು ಯು-ಹಾಲ್ ಟ್ರೈಲರ್ ಬೇಕಾಗಿರುತ್ತದೆ. ಅಂಗಡಿಯಲ್ಲಿ ಹಾಕಿಸಿದರೆ ಕೂಲಿ ಬೇರೆ. ಕಾರಿನ ಮಾದರಿಗೆಂದೇ ಮಾಡಿದ ಬೋಲ್ಟ್-ಆನ್ ಹಿಚ್ಚನ್ನು ಮನೆಯಲ್ಲೇ ಕೂರಿಸಬಹುದು, ವೆಲ್ಡಿಂಗ್ ಬೇಡ. ಈ ಬಗೆಯಲ್ಲಿ ಸುಲಭವಾಗಿ ಸಿಗುವುದು ವಿಸ್ಕಾನ್ಸಿನ್‌ನ ಓ ಕ್ಲೇರ್ ಊರಿನ ಕರ್ಟ್ ಕಂಪನಿಯ ಕ್ಲಾಸ್ 3 ಹಿಚ್ (ಕ್ಲಾಸ್ ಎಂದರೆ ಹಿಚ್ಚಿನ ತಾಕತ್ತಿನ ದರ್ಜೆ). ಈ ಕಂಪನಿ 2019ರ ಕೊನೆಯಿಂದ ಎಲ್‌ಸಿಐ ಗುಂಪಿನದು.

ಕಬ್ಬಿಣದ ಕೆಲಸಕ್ಕೆ ಪೂರ್ತಿ ಅಂಕ ಕೊಡಬಹುದು. ಎಸ್‌ಎಇ ಜೆ684 ಎಂಬ ಟ್ರೈಲರ್ ಹಿಚ್ಚುಗಳ ಮಾನದಂಡದ ಪ್ರಕಾರ ಪರೀಕ್ಷೆಯಾದ ಹಿಚ್ ಇದು. ಒಳಗೊಂದು ದ್ರವ ಲೇಪ, ಮೇಲೆ ಪೌಡರ್ ಕೋಟ್, ಹೀಗೆ ಎರಡು ಪದರ ಬಣ್ಣ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್, ಇಲಿನಾಯ್ ಕಡೆಯವರಿಗೆ ಆ ಎರಡನೇ ಪದರ ಬಹಳ ಮುಖ್ಯ. ಕಬ್ಬಿಣಕ್ಕೆ ಜೀವಮಾನದ ಸೀಮಿತ ವಾರಂಟಿ ಇದ್ದರೆ ಬಣ್ಣಕ್ಕಿರುವುದು ಒಂದೇ ವರ್ಷ. ಹಾಗಾಗಿ ಕೂರಿಸುವಾಗ ಗೀಚಿದ ಜಾಗಕ್ಕೆ ಅಂದೇ ಬಣ್ಣ ಹಚ್ಚಿಬಿಡಿ.

ಕೊಳ್ಳುವ ಮುನ್ನ ಒಂದು ವಿಷಯ ಸ್ಪಷ್ಟವಿರಲಿ, ಜನ ಎಡವುವುದೇ ಇಲ್ಲಿ. ಹಿಚ್ಚಿನ ಸ್ಟಿಕ್ಕರಿನಲ್ಲಿ 3,500 ಪೌಂಡ್ ಎಂದಿದ್ದರೆ ಅದು ಆ ಕಬ್ಬಿಣದ ತಾಕತ್ತು, ನಿಮ್ಮ ಕಾರಿನದಲ್ಲ. 2019ರಿಂದ 2025ರವರೆಗಿನ ಪೆಟ್ರೋಲ್ ರ‍್ಯಾವ್4ಗಳಲ್ಲಿ ಹೆಚ್ಚಿನವು ಎಳೆಯಬಹುದಾದದ್ದು 1,500 ಪೌಂಡ್, ಅಡ್ವೆಂಚರ್ ಮತ್ತು ಟಿಆರ್‌ಡಿ ಆಫ್-ರೋಡ್ ಮಾದರಿಗಳಿಗೆ ಮಾತ್ರ 3,500, ಹೈಬ್ರಿಡ್‌ಗೆ 1,750. ಹಳೆಯ ಸಿಯೆನಾ, ಅಂದರೆ 2011ರಿಂದ 2020ರದ್ದು, 3,500 ಎಳೆಯುತ್ತಿತ್ತು. 2021ರಿಂದ ಬಂದ ಹೈಬ್ರಿಡ್ ಸಿಯೆನಾಗೆ 1,500 ಅಷ್ಟೇ. ಇಂಥ ಕಾರಿಗೆ ಕ್ಲಾಸ್ 3 ಹಿಚ್ ಹಾಕಿದ ಮಾತ್ರಕ್ಕೆ ಗೇರ್‌ಬಾಕ್ಸಾಗಲಿ ಬ್ರೇಕಾಗಲಿ ಬಲಿಯುವುದಿಲ್ಲ. ಯು-ಹಾಲ್‌ನ 4x8 ಮುಚ್ಚಿದ ಟ್ರೈಲರ್ ಖಾಲಿಯಿದ್ದಾಗಲೇ ಸುಮಾರು 850 ಪೌಂಡ್ ತೂಗುತ್ತದೆ. 1,500ರ ಮಿತಿಯ ಕಾರಿನಲ್ಲಿ ಸಾಮಾನಿಗೆ ಉಳಿಯುವುದು 650. ಪುಸ್ತಕದ ಪೆಟ್ಟಿಗೆಗಳೇ ಅಷ್ಟನ್ನು ತಿಂದುಹಾಕುತ್ತವೆ.

ಟ್ರೈಲರ್ ಎಳೆಯುವುದಿಲ್ಲ, ಸೈಕಲ್ ರ‍್ಯಾಕ್ ಮಾತ್ರ ಎನ್ನುವವರೂ ಲೆಕ್ಕ ಹಾಕಲೇಬೇಕು. ಹಿಚ್ಚಿನ ಮೇಲೆ ನೇರವಾಗಿ ಕೆಳಗೆ ಬೀಳುವ ಭಾರಕ್ಕೆ ಟಂಗ್ ತೂಕ ಎನ್ನುತ್ತಾರೆ. ಕಾರುಗಳಲ್ಲಿ ಇದರ ಮಿತಿ ಸಾಮಾನ್ಯವಾಗಿ ಎಳೆಯುವ ಮಿತಿಯ ಹತ್ತನೇ ಒಂದು ಪಾಲು. ನಿಮ್ಮ ಕಾರಿನ ಸಂಖ್ಯೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. 1,500 ಪೌಂಡಿನ ಕಾರಿಗೆ ಅದು 150 ಎಂದಿಟ್ಟುಕೊಳ್ಳಿ. 60 ಪೌಂಡಿನ ರ‍್ಯಾಕ್ ಮೇಲೆ 30 ಪೌಂಡಿನ ನಾಲ್ಕು ಸೈಕಲ್ ಏರಿಸಿದರೆ 180, ಆಗಲೇ ಮಿತಿ ದಾಟಿತು. ಇ-ಬೈಕ್ ಆದರೆ ಮಿತಿ ದಾಟಲು ಎರಡೇ ಸಾಕು. ಉದ್ದ ಮಾಡುವ ಎಕ್ಸ್‌ಟೆಂಡರ್ ಸಿಕ್ಕಿಸಿದರಂತೂ ಹಿಚ್ಚಿನ ತಾಕತ್ತು ಅರ್ಧಕ್ಕೆ ಇಳಿಯುತ್ತದೆ.

ಇಷ್ಟಾದರೂ 1-1/4 ಇಂಚಿನ ಕ್ಲಾಸ್ 1 ಬೇಡ, 2 ಇಂಚಿನ ರಿಸೀವರ್ (ರ‍್ಯಾಕ್ ಸಿಕ್ಕಿಸುವ ಚೌಕ ಕೊಳವೆ) ಇರುವ ಕ್ಲಾಸ್ 3 ತೆಗೆದುಕೊಳ್ಳಿ. ನಾಲ್ಕು ಸೈಕಲ್ಲಿನ ರ‍್ಯಾಕ್‌ಗಳು ಬಹುತೇಕ 2 ಇಂಚಿಗೇ ಮಾಡಿದವು. ಅಡಾಪ್ಟರ್ ಹಾಕಿದರೆ ರ‍್ಯಾಕ್ ಹಿಂದಕ್ಕೆ ಸರಿಯುತ್ತದೆ, ಅಲ್ಲಾಟವೂ ಹೆಚ್ಚು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹೆಚ್ಚಿನ ಕ್ರಾಸ್‌ಓವರ್ ಕಾರುಗಳ ಕ್ಲಾಸ್ 3 ಹಿಚ್ 200ರಿಂದ 300 ಡಾಲರಿನೊಳಗೆ ಸಿಗುತ್ತದೆ. ಆರ್ಡರ್ ಮಾಡುವಾಗ ಕಾರಿನ ವರ್ಷ ಮಾತ್ರವಲ್ಲ, ಟ್ರಿಮ್ ಕೂಡ ಸರಿಯಾಗಿ ಕೊಡಿ. ಒಂದೇ ವರ್ಷದ ಎರಡು ಟ್ರಿಮ್‌ಗಳಲ್ಲಿ ಸೈಲೆನ್ಸರ್ ಅಥವಾ ಬಂಪರ್ ಬೇರೆಯಿದ್ದರೆ ಹಿಚ್ಚೂ ಬೇರೆಯಾಗಬಹುದು.

ಪೆಟ್ಟಿಗೆ ಬಂದ ದಿನವೇ ಬೋಲ್ಟಿನ ಪೊಟ್ಟಣ ಬಿಚ್ಚಿ, ಸೂಚನೆ ಹಾಳೆಯ ಪಟ್ಟಿಯೊಂದಿಗೆ ಎಣಿಸಿ ನೋಡಿ. ಕಾರಿನಡಿ ಮಲಗಿದ ಮೇಲೆ ಒಂದು ನಟ್ ಕಡಿಮೆ ಎಂದು ಗೊತ್ತಾದರೆ, ಅಷ್ಟರಲ್ಲಿ ಸೈಲೆನ್ಸರ್ ನೇತಾಡುತ್ತಿರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕ ಬೋಲ್ಟನ್ನು ಅದರ ಜಾಗಕ್ಕೆ ಹಾಕಬೇಡಿ. ಇಲ್ಲಿ ಬೋಲ್ಟಿನ ಗ್ರೇಡೇ, ಅಂದರೆ ಅದರ ಬಲದ ದರ್ಜೆಯೇ, ಸುರಕ್ಷತೆ.

ಕೆಲಸ ಎಷ್ಟು ಹೊತ್ತಿನದು ಎಂಬುದು ನಿಮ್ಮ ಕಾರಿನ ಫ್ರೇಮ್ ಮೇಲೆ ನಿಂತಿದೆ. ಕೆಲವು ಕಾರುಗಳಲ್ಲಿ ಫ್ರೇಮ್ ರೈಲಿನೊಳಗೆ ಕಾರ್ಖಾನೆಯಲ್ಲೇ ವೆಲ್ಡ್ ಮಾಡಿದ ನಟ್ ಇರುತ್ತದೆ. ಹಿಚ್ ಎತ್ತಿ ಹಿಡಿದು ಬೋಲ್ಟ್ ತಿರುಗಿಸಿದರೆ ಆಯಿತು, ಒಂದು ಗಂಟೆಯ ಕೆಲಸ. ಆದರೆ ತುಕ್ಕು ಹಿಡಿದ ವೆಲ್ಡ್ ನಟ್ಟಿಗೆ ಬಲವಂತ ಮಾಡಿದರೆ ಅದು ಕಿತ್ತು ಒಳಗೇ ಸುತ್ತತೊಡಗುತ್ತದೆ, ಆಮೇಲೆ ಫ್ರೇಮ್ ಕೊರೆಯದೆ ಗತಿಯಿಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸಣ್ಣ ನೈಲಾನ್ ಬ್ರಷ್ಷಿನಲ್ಲಿ ನಟ್ಟಿನೊಳಗಿನ ಥ್ರೆಡ್ ಉಜ್ಜಿ. ಬೋಲ್ಟ್ ಬರಿಗೈಯಲ್ಲೇ ನಾಲ್ಕೈದು ಸುತ್ತು ಸಲೀಸಾಗಿ ಹೋಗಬೇಕು, ಸ್ಪಾನರ್ ಹಚ್ಚುವುದು ಆಮೇಲೆ.

ಇನ್ನುಳಿದ ಕಾರುಗಳಲ್ಲಿ ಬೋಲ್ಟನ್ನು ಫ್ರೇಮಿನ ಟೊಳ್ಳಿನೊಳಗಿಂದ ಹೊರಕ್ಕೆ ಎಳೆಯಬೇಕು. ಇದಕ್ಕೆಂದೇ ಕಿಟ್ಟಿನಲ್ಲಿ ಒಂದು ತುದಿ ಸುರುಳಿಯಾಗಿರುವ ತಂತಿ ಬರುತ್ತದೆ, ಫಿಶ್ ವೈರ್ ಎನ್ನುತ್ತಾರೆ. ಕ್ರಮ ಹೀಗೆ: ತಂತಿಯ ಸುರುಳಿ ತುದಿಯನ್ನು ಬೋಲ್ಟ್ ಕೂರಬೇಕಾದ ತೂತಿನಿಂದ ಒಳಗೆ ತಳ್ಳಿ, ಪಕ್ಕದ ದೊಡ್ಡ ತೂತಿನಿಂದ ಹೊರಗೆ ತೆಗೆಯಿರಿ. ತಂತಿಗೆ ಮೊದಲು ಚೌಕ ಕಂಡಿಯ ದಪ್ಪ ಸ್ಪೇಸರ್ ಪೋಣಿಸಿ, ಆಮೇಲೆ ಕ್ಯಾರೇಜ್ ಬೋಲ್ಟನ್ನು (ದುಂಡು ತಲೆಯ ಕೆಳಗೆ ಚೌಕ ಕತ್ತಿರುವ ಬೋಲ್ಟ್) ಸುರುಳಿಗೆ ತಿರುಗಿಸಿ. ಸ್ಪೇಸರನ್ನು ಒಳಗೆ ದಾಟಿಸಿ, ಹಿಂದೆಯೇ ಬೋಲ್ಟನ್ನೂ ದಾಟಿಸಿ, ಇನ್ನೊಂದು ತುದಿಯಿಂದ ಮೆಲ್ಲಗೆ ಎಳೆಯಿರಿ. ಬೋಲ್ಟ್ ಹೊರಗೆ ಮೂತಿ ತೋರಿಸಿದ ಕೂಡಲೇ ತಂತಿ ಬಿಚ್ಚಿಬಿಡುವುದು ಎಲ್ಲರೂ ಮಾಡುವ ತಪ್ಪು. ಹಿಚ್ ಎತ್ತುವಾಗ ಅದರ ತಟ್ಟೆ ತಗುಲಿ ಬೋಲ್ಟ್ ಮತ್ತೆ ಒಳಕ್ಕೆ ಹೋಗುತ್ತದೆ. ಆದ್ದರಿಂದ ತಂತಿಯನ್ನು ಹಿಚ್ಚಿನ ತೂತಿನಲ್ಲೂ ಹಾಯಿಸಿ, ಹಿಚ್ ಮೇಲಕ್ಕೆ ಬಂದ ಮೇಲೆ ಬೋಲ್ಟನ್ನು ಪೂರ್ತಿ ಎಳೆದುಕೊಂಡು, ಆಗ ತಂತಿ ಬಿಚ್ಚಿ ನಟ್ ಹಾಕಿ. ಫ್ರೇಮಿನೊಳಗೆ ಬಿದ್ದ ಬೋಲ್ಟ್ ತೆಗೆಯಲು ಬಾಗುವ ಮ್ಯಾಗ್ನೆಟ್ ಕಡ್ಡಿ ಹತ್ತಿರವಿರಲಿ.

ಕೆಲವು ಕಾರುಗಳಲ್ಲಿ ಬೋಲ್ಟ್ ಒಳಗೆ ಬಿಡುವ ತೂತನ್ನು ಸ್ವಲ್ಪ ದೊಡ್ಡದು ಮಾಡಿಕೊಳ್ಳಲು ಹಾಳೆಯೇ ಹೇಳುತ್ತದೆ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿರುವ ಡ್ರಿಲ್ ಮೊನೆ, ಅಂದರೆ ಸ್ಟೆಪ್ ಬಿಟ್ ಸಾಕು, ಆದರೆ ಕೊರೆದ ಅಂಚಿಗೆ ಜಿಂಕ್ ಬಣ್ಣ ಹಚ್ಚದೆ ಬಿಡಬೇಡಿ. ಬೋಲ್ಟ್ ಕೂರುವ ತೂತನ್ನಂತೂ ಎಂದಿಗೂ ಹಿಗ್ಗಿಸಬಾರದು.

ಇದಕ್ಕೆಲ್ಲ ಮೊದಲು ಸೈಲೆನ್ಸರ್ ಕೆಳಗಿಳಿಸಬೇಕಾಗಬಹುದು. ಅದು ಪೂರ್ತಿ ತಣ್ಣಗಾಗಿರಬೇಕು. ಕಾರು ಸಮತಟ್ಟಾದ ಕಾಂಕ್ರೀಟಿನ ಮೇಲಿರಲಿ, ಚಕ್ರಗಳಿಗೆ ಒಡ್ಡು ಇಡಿ. ಎತ್ತಲೇಬೇಕಾದರೆ ರ‍್ಯಾಂಪ್ ಅಥವಾ ಜಾಕ್ ಸ್ಟ್ಯಾಂಡ್ ಬಳಸಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ನುಗ್ಗಬಾರದು. ಸೈಲೆನ್ಸರಿನ ರಬ್ಬರ್ ಹ್ಯಾಂಗರ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಕಡ್ಡಿಯಿಂದ ಜಾರಿ ಬರುತ್ತವೆ, ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಹರಿಯುತ್ತವೆ. ಬಿಚ್ಚುವ ಮುಂಚೆಯೇ ಸೈಲೆನ್ಸರಿನ ಕೆಳಗೆ ಒಂದು ಪಟ್ಟಿ ಕಟ್ಟಿ, ಇಲ್ಲದಿದ್ದರೆ ಭಾರವೆಲ್ಲ ಮುಂದಿನ ಕೊಳವೆಯ ಜೋಡಣೆಯ ಮೇಲೆ ಬೀಳುತ್ತದೆ. ಶಾಖ ತಡೆಯುವ ತಗಡನ್ನೋ ಅಡಿಯ ಪ್ಲಾಸ್ಟಿಕ್ ಹೊದಿಕೆಯನ್ನೋ ಕತ್ತರಿಸಬೇಕಿದ್ದರೆ ಟೇಪ್ ಅಂಟಿಸಿ ಗುರುತು ಹಾಕಿ, ಮೊದಲು ಗುರುತಿಗಿಂತ ಕಡಿಮೆಯೇ ಕತ್ತರಿಸಿ.

ಹಿಚ್ಚಿನ ತೂಕ ಹೆಚ್ಚು ಮಾದರಿಗಳಲ್ಲಿ 30ರಿಂದ 40 ಪೌಂಡ್. ನಿಂತು ಎತ್ತುವಾಗ ಏನೂ ಅಲ್ಲ, ಮಲಗಿ ಎದೆಯ ಮೇಲೆ ಹಿಡಿದಾಗ ಬಹಳವಾಗುತ್ತದೆ. ಇನ್ನೊಬ್ಬರು ಜೊತೆಗಿರಲಿ, ಅಥವಾ ಒಂದು ಬದಿಯನ್ನು ರ‍್ಯಾಚೆಟ್ ಪಟ್ಟಿಯಲ್ಲಿ ತೂಗುಹಾಕಿ. ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ಹಾಕಿ, ಹಿಚ್ ನಡುಮಧ್ಯಕ್ಕೆ ಬಂದಿದೆಯೇ ಎಂದು ಎರಡೂ ಕಡೆಯಿಂದ ಅಳೆದು, ಆಮೇಲೆ ಬಿಗಿಯಿರಿ.

ಬಿಗಿಯುವುದಕ್ಕೆ ತಿರುಚುವ ಬಲವನ್ನು (ಟಾರ್ಕ್) ಅಳೆಯುವ ಟಾರ್ಕ್ ರೆಂಚೇ ಬೇಕು. ಇಂಪ್ಯಾಕ್ಟ್ ಗನ್ ಹಚ್ಚಿದರೆ ಕ್ಯಾರೇಜ್ ಬೋಲ್ಟಿನ ಚೌಕ ಕತ್ತು ಸ್ಪೇಸರಿನಲ್ಲಿ ಸವೆದು, ಬೋಲ್ಟ್ ಒಳಗೇ ತಿರುಗುತ್ತದೆ. ಹಿಡಿಯಲು ಅದರ ತಲೆ ಕೈಗೆ ಸಿಗುವುದಿಲ್ಲ. ಟಾರ್ಕ್ ಎಷ್ಟು ಎಂಬುದನ್ನು ಆ ಹಿಚ್ಚಿನ ಹಾಳೆಯಿಂದಲೇ ತೆಗೆದುಕೊಳ್ಳಿ. ಅರ್ಧ ಇಂಚಿನ ಗ್ರೇಡ್ 5 ಬೋಲ್ಟಿಗೆ ಸಾಮಾನ್ಯವಾಗಿ ಸುಮಾರು 75 ಅಡಿ-ಪೌಂಡ್. ಅಷ್ಟೇ ದಪ್ಪದ ಗ್ರೇಡ್ 8ಕ್ಕೆ ಸುಮಾರು 110. ಅಂದಾಜಿನಲ್ಲಿ ಬಿಗಿದರೆ ಒಂದು ಸಡಿಲಾಗುತ್ತದೆ, ಇನ್ನೊಂದು ಹಿಗ್ಗುತ್ತದೆ. ಒಂದೈವತ್ತು ಮೈಲಿ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಸೈಲೆನ್ಸರ್ ಮತ್ತು ಹಿಚ್ ನಡುವೆ ಸಾಕಷ್ಟು ಜಾಗ ಉಳಿದಿದೆಯೇ ನೋಡಿ. ಐಡ್ಲಿಂಗ್‌ನಲ್ಲಿ ಗಡಗಡ ಸದ್ದು ಬಂದರೆ ಕಾರಣ ಅದೇ ಆಗಿರುತ್ತದೆ.

ಸೈಕಲ್ ರ‍್ಯಾಕ್‌ಗೆ ವೈರಿಂಗ್ ಬೇಡ. ಟ್ರೈಲರ್‌ಗೆ ಬೇಕೇ ಬೇಕು, ಆದರೆ ಅದು ಹಿಚ್ಚಿನ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆಯೇ ಕೊಳ್ಳಬೇಕು. ಕಾರಿಗೆಂದೇ ಮಾಡಿದ ಟಿ-ಕನೆಕ್ಟರ್ ಕಿಟ್ ತೆಗೆದುಕೊಳ್ಳಿ. ಹಿಂದಿನ ದೀಪ ಬಿಚ್ಚಿ, ಅದರ ಪ್ಲಗ್ಗಿನ ನಡುವೆ ಸಿಕ್ಕಿಸಿದರೆ ಮುಗಿಯಿತು, ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ. ಈಗಿನ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ತಂತಿ ಸುಲಿದು ಜೋಡಿಸುವ ಹಳೆಯ ಪದ್ಧತಿ ಅಪಾಯ. ಟ್ರೈಲರ್ ದೀಪಕ್ಕೆ ಬೇಕಾದ ಕರೆಂಟ್ ನೇರ ಬ್ಯಾಟರಿಯಿಂದ ಬರುವ ಕನ್ವರ್ಟರ್ ಇರುವ ಕಿಟ್ಟೇ ಒಳ್ಳೆಯದು. ಆ ಬ್ಯಾಟರಿ ತಂತಿಯ ಫ್ಯೂಸನ್ನು ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ಹಾಕಿ.

ನಾಲ್ಕು ತಂತಿಯ ಚಪ್ಪಟೆ ಪ್ಲಗ್ಗಿನಲ್ಲಿ ಬಿಳಿ ಗ್ರೌಂಡ್, ಕಂದು ಟೇಲ್ ಲೈಟ್, ಹಳದಿ ಎಡಗಡೆಯ ಇಂಡಿಕೇಟರ್ ಮತ್ತು ಬ್ರೇಕ್, ಹಸಿರು ಬಲಗಡೆಯದು. ಬ್ರೇಕ್ ಒತ್ತಿದಾಗ ಟೇಲ್ ಲೈಟ್ ಮಂಕಾದರೆ, ಒಂದು ಇಂಡಿಕೇಟರ್ ಹಾಕಿದಾಗ ಎರಡೂ ಮಿಣುಕಿದರೆ, ಮೊದಲು ಬಿಳಿ ತಂತಿ ನೋಡಿ. ಬಣ್ಣದ ಮೇಲೆ ಸ್ಕ್ರೂ ಹಾಕಿರುತ್ತಾರೆ. ಆ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿ ಮತ್ತೆ ಬಿಗಿದರೆ ಬಹುತೇಕ ಸರಿಹೋಗುತ್ತದೆ. ಟ್ರೈಲರ್ ಬಾಡಿಗೆಗೆ ತರುವ ಮುನ್ನ ಅಗ್ಗದ ನಾಲ್ಕು ದೀಪದ ಟೆಸ್ಟರ್ ಸಿಕ್ಕಿಸಿ ನೋಡಿ.

ವಾರಂಟಿ ಹೋಗುತ್ತದೆ ಎಂಬ ಭಯ ಹಲವರಿಗಿದೆ. 1975ರ ಮ್ಯಾಗ್ನೂಸನ್-ಮಾಸ್ ಕಾಯ್ದೆಯ ಪ್ರಕಾರ, ಹೊರಗಿನ ಹಿಚ್ ಹಾಕಿದಿರಿ ಎಂಬ ಒಂದೇ ಕಾರಣಕ್ಕೆ ಕಾರಿನ ವಾರಂಟಿಯನ್ನು ತಳ್ಳಿಹಾಕುವಂತಿಲ್ಲ. ಹಿಚ್ಚಿನಿಂದಲೇ ಆದ ಹಾನಿಯ ಮಾತು ಬೇರೆ. ಲೀಸಿನ ಕಾರಾದರೆ ಮೊದಲು ಲೀಸ್ ಕೊಟ್ಟವರ ಒಪ್ಪಿಗೆ ಪಡೆಯಿರಿ.

ಹಿಂಬದಿ ಬಂಪರ್ ಪೂರ್ತಿ ಬಿಚ್ಚಬೇಕಾದ ಕಾರು, ಅಥವಾ ಹತ್ತು ಚಳಿಗಾಲದ ಉಪ್ಪು ತಿಂದು ಫ್ರೇಮ್ ಪದರ ಪದರವಾಗಿ ಏಳುತ್ತಿರುವ ಕಾರು ನಿಮ್ಮದಾದರೆ ಮನೆಯಲ್ಲಿ ಮಾಡಬೇಡಿ, ಅಂಗಡಿಗೆ ಕೊಡಿ. ಅಂಥ ಫ್ರೇಮಿಗೆ ಹಿಚ್ ಹಾಕಬಹುದೇ ಎಂದು ಮೊದಲು ಅವರು ನೋಡಿ ಹೇಳಲಿ. ಉಳಿದವರು ಹಿಚ್ಚಿನ ಜೊತೆ ಇನ್ನೆರಡು ಸಣ್ಣ ವಸ್ತು ತರಿಸಿಕೊಳ್ಳಿ: ರಿಸೀವರಿಗೆ 5/8 ಇಂಚಿನ ಬೀಗದ ಪಿನ್, ರ‍್ಯಾಕ್ ಅಲ್ಲಾಡದಂತೆ ಹಿಡಿಯುವ ಟೈಟನರ್. ಟ್ರೈಲರ್ ಕೂರುವ ಲೋಹದ ಗುಂಡು, ಅಂದರೆ ಬಾಲ್, ಕೊಳ್ಳುವುದಾದರೆ ಟ್ರೈಲರಿನ ಮೂತಿಯ ಮೇಲೆ ಒತ್ತಿರುವ ಅಳತೆ ನೋಡಿ ಕೊಳ್ಳಿ. 2 ಇಂಚಿನ ಮೂತಿಗೆ 1-7/8 ಇಂಚಿನ ಬಾಲ್ ಹಾಕಿದರೂ ನಿಂತಲ್ಲಿ ಕೂತಂತೆಯೇ ಕಾಣುತ್ತದೆ, ಕಳಚಿಕೊಳ್ಳುವುದು ಹೆದ್ದಾರಿಯ ಮೊದಲ ಹಳ್ಳದಲ್ಲಿ.