ಆರ್‌ವಿ ಪ್ರೊಪೇನ್ ಫರ್ನೇಸ್: ಹಲವು ಚಳಿಗಾಲ ಬಳಸಿದ ಮೇಲೆ

ನಮ್ಮ ಆರ್‌ವಿಯ (ಒಳಗೇ ಮಲಗಿ ವಾಸಿಸಬಹುದಾದ ಪ್ರವಾಸಿ ವಾಹನದ) ಪ್ರೊಪೇನ್ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಬಿಸಿಗಾಳಿ ಊದುವ ಹೀಟರ್, ಬೆಚ್ಚಗಿಡುವ ವಿಷಯದಲ್ಲಿ ಒಂದು ದಿನವೂ ನಿರಾಸೆ ಮಾಡಿಲ್ಲ. ಎಷ್ಟೇ ಚಳಿಯಿದ್ದರೂ ಸ್ವಲ್ಪ ಹೊತ್ತಿಗೆ ಒಳಗೆಲ್ಲ ಹಿತವಾಗುತ್ತದೆ. ಸದ್ದು ಜಾಸ್ತಿ, ಅದು ನಿಜ. ಬ್ಯಾಟರಿ ವಿಷಯದಲ್ಲಂತೂ ಇದು ಬಕಾಸುರ.

ಉರಿ ಹತ್ತಲಿಲ್ಲ ಅಂದರೆ ಎಲ್ಲರ ಅನುಮಾನವೂ ಮೊದಲು ಹೋಗುವುದು ಗ್ಯಾಸ್ ಮೇಲೆ, ಇಲ್ಲವೇ ಸರ್ಕ್ಯೂಟ್ ಬೋರ್ಡ್ ಮೇಲೆ. ನಾನು ಕಂಡ ಹಾಗೆ ತೊಂದರೆ ಜಾಸ್ತಿ ಇರುವುದು ಗಾಳಿಯಲ್ಲಿ ಮತ್ತು ಕರೆಂಟಿನಲ್ಲಿ. ಬೋರ್ಡ್ ಬದಲಿಸುವ ಮುಂಚೆ ಸುಮ್ನೆ ಪಕ್ಕದಲ್ಲಿ ಕೂತು ಕಿವಿಗೊಟ್ಟು ಕೇಳಿ. ಥರ್ಮೋಸ್ಟಾಟ್ ಆನ್ ಆದ ಮೇಲೆ ಮೊದಲು ಫ್ಯಾನ್ ಓಡುತ್ತದೆ. ಆ ಗಾಳಿಯ ರಭಸಕ್ಕೆ ಸೇಲ್ ಸ್ವಿಚ್ಚಿನ (ಸಾಕಷ್ಟು ಗಾಳಿ ಬೀಸುತ್ತಿದೆಯಾ ಅಂತ ಗಮನಿಸುವ ಸ್ವಿಚ್) ತೆಳು ತಗಡು ವಾಲಬೇಕು. ವಾಲಿದರೆ ಮಾತ್ರ ಬೋರ್ಡ್ ಮುಂದುವರಿಯುತ್ತದೆ. ಸಾಮಾನ್ಯವಾಗಿ 15ರಿಂದ 30 ಸೆಕೆಂಡ್ ಕಾದು ಗ್ಯಾಸ್ ವಾಲ್ವ್ ತೆರೆಯುತ್ತದೆ. ಟಿಕ್ ಟಿಕ್ ಅಂತ ಕಿಡಿ, ಆಮೇಲೆ ಭುಸ್ ಅಂತ ಉರಿ. ಈ ಸಾಲು ಎಲ್ಲಿ ತುಂಡಾಯಿತೋ ಹುಡುಕಾಟ ಅಲ್ಲಿಂದ ಶುರುವಾಗಲಿ.

ನಮ್ಮಲ್ಲಿ ಫ್ಯಾನ್ ಓಡುತ್ತಿತ್ತು, ಕಿಡಿ ಮಾತ್ರ ಇಲ್ಲ. ಗ್ಯಾಸ್ ಮುಚ್ಚಿ, ಕರೆಂಟ್ ತೆಗೆದು ಬಿಚ್ಚಿ ನೋಡಿದರೆ ಸೇಲ್ ಸ್ವಿಚ್ಚಿನ ಬುಡದಲ್ಲಿ ನಾಯಿಕೂದಲು, ಧೂಳು ಸೇರಿ ಉಂಡೆಯಾಗಿತ್ತು. ತಗಡು ಅರ್ಧ ವಾಲಿ ಅಲ್ಲೇ ನಿಲ್ಲುತ್ತಿತ್ತು. ಮೆತ್ತನೆ ಬ್ರಷ್‌ನಲ್ಲಿ ತೆಗೆದ ಕೂಡಲೇ ಸರಿಹೋಯಿತು. ವೋಲ್ಟೇಜ್ ಇಳಿದಾಗಲೂ ಇದೇ ಲಕ್ಷಣ ಕಾಣುತ್ತದೆ. 12 ವೋಲ್ಟ್ ಫ್ಯಾನ್ 10.5ಕ್ಕಿಂತ ಕೆಳಗೆ ಹೋದರೆ ಸ್ವಿಚ್ ವಾಲಿಸುವಷ್ಟು ಗಾಳಿ ಬೀಸಲ್ಲ. ಮೀಟರ್ ಹಿಡಿಯುವಾಗ ಫ್ಯಾನ್ ಓಡುತ್ತಿರಬೇಕು, ಅದೂ ಫರ್ನೇಸಿನ ತಂತಿಯ ಹತ್ತಿರವೇ. ನಿಂತಾಗ ಅಳೆದರೆ ಪ್ರಯೋಜನವಿಲ್ಲ, ಅಲ್ವಾ?

ಕಿಡಿ ಇದ್ದು ಉರಿ ಬರದಿದ್ದರೆ, ಗ್ಯಾಸ್ ಬರುತ್ತಿದೆಯಾ ಅಂತ ತಿಳಿಯಲು ಒಲೆ ಹಚ್ಚಿ ನೋಡಿ. ಸಿಲಿಂಡರ್ ವಾಲ್ವ್ ನಿಧಾನವಾಗಿ ತಿರುಗಿಸಿ. ಗಬಕ್ಕನೆ ತೆರೆದರೆ ಒಳಗಿನ ಸುರಕ್ಷತಾ ವಾಲ್ವ್ ಹರಿವನ್ನು ತಡೆದುಬಿಡುತ್ತದೆ. ಗ್ಯಾಸಿನ ಒತ್ತಡ 11 ಇಂಚು ನೀರಿನ ಮಟ್ಟದಲ್ಲಿರಬೇಕು (ಕೊಳವೆಯಲ್ಲಿ ನೀರನ್ನು ಅಷ್ಟು ಎತ್ತರಕ್ಕೆ ಏರಿಸುವಷ್ಟು ಒತ್ತಡ). ಅದನ್ನು ಅಳೆಯುವುದು, ರೆಗ್ಯುಲೇಟರ್ ಮುಟ್ಟುವುದು ಗೊತ್ತಿದ್ದವರಿಗೇ ಬಿಡಿ. ಉರಿ ಬಂದು ಕೆಲವೇ ಸೆಕೆಂಡಿನಲ್ಲಿ ಆರಿದರೆ ಎಲೆಕ್ಟ್ರೋಡ್ (ಕಿಡಿ ಹಾರಿಸುವ ಕಡ್ಡಿ) ಮೇಲಿನ ಮಸಿ, ಸಡಿಲವಾದ ಅರ್ಥ್ ತಂತಿ ನೋಡಿ.

ಬಿಸಿಗಾಳಿಯ ಕಿಂಡಿಗಳನ್ನು ಮುಚ್ಚಿಡಬೇಡಿ. ಮುಚ್ಚಿದರೆ ಬಿಸಿ ಒಳಗೇ ನಿಂತು ಲಿಮಿಟ್ ಸ್ವಿಚ್ (ಬಿಸಿ ಮಿತಿಮೀರಿದಾಗ ಕಡಿಯುವ ಸುರಕ್ಷತಾ ಸ್ವಿಚ್) ಮತ್ತೆ ಮತ್ತೆ ಉರಿ ಆರಿಸುತ್ತದೆ. ಹೊರಗಿನ ಹೊಗೆಕೊಳವೆಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟುತ್ತದೆ, ಚಳಿಗಾಲಕ್ಕೆ ಮುಂಚೆ ಟಾರ್ಚ್ ಬಿಟ್ಟು ನೋಡಿ.

ಒಂದು ವಿಷಯ ಕಳಕಳಿಯಿಂದ ಹೇಳುತ್ತೇನೆ. ಸೇಲ್ ಸ್ವಿಚ್ಚಿಗೆ ತಂತಿ ಸುತ್ತಿ ಬೈಪಾಸ್ ಮಾಡಿ ಫರ್ನೇಸ್ ಓಡಿಸಲೇಬೇಡಿ. ಗಾಳಿಯಿಲ್ಲದೆ ಉರಿದರೆ ಉರಿಕೋಣೆಯ ತಗಡು ಸುಟ್ಟು ಬಿರುಕು ಬಿಡಬಹುದು, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮಲಗುವ ಜಾಗಕ್ಕೇ ಬರಬಹುದು. ಅದಕ್ಕೆ ವಾಸನೆಯಿಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷಿಸಿಯೇ ಮಲಗಿ.

ಹೊರಗಿನ ವಿದ್ಯುತ್ ಸಿಗುವ ಕಡೆ ನಿಲ್ಲಿಸುವವರು ಕಣ್ಣುಮುಚ್ಚಿ ತೊಗೊಳ್ಳಿ. ಬ್ಯಾಟರಿ ಮೇಲೆಯೇ ರಾತ್ರಿ ಕಳೆಯುವವರು ಮೊದಲು ಬ್ಯಾಟರಿ ದೊಡ್ಡದು ಮಾಡಿಕೊಳ್ಳಿ. ದೊಡ್ಡ ಮಾದರಿಯ ಫ್ಯಾನ್ 7ರಿಂದ 10 ಆಂಪ್ಸ್ ಎಳೆಯುತ್ತದೆ.