ಕೆಲಸದ ಒತ್ತಡಕ್ಕೆ ಕೋಚಿಂಗ್: ಆ್ಯಪ್, ಖಾಸಗಿ ಕೋಚ್, ಕಚೇರಿಯ ಗುಂಪು

ಹಿಂಜೆವಾಡಿಯ ಕಂಪನಿಗಳಲ್ಲಿ ದುಡಿಯುವ ನಾವು ಕನ್ನಡಿಗರು ಪುಣೆಯಲ್ಲಿ ಎಲ್ಲಿ ಸೇರಿದರೂ ಮಾತು ಬೇಗನೆ ಕೆಲಸದ ಒತ್ತಡದತ್ತ ಹೊರಳುತ್ತದೆ, ಈಚೆಗೆ ಅದರ ಜೊತೆಗೆ ಕೋಚಿಂಗ್, ಅಂದರೆ ಮಾತುಕತೆ, ಅಭ್ಯಾಸಗಳ ಮೂಲಕ ಒತ್ತಡ ನಿಭಾಯಿಸಲು ನೆರವಾಗುವ ಮಾರ್ಗದರ್ಶನದ ವಿಷಯವೂ ಬರುತ್ತದೆ. ಫೋನಿನ ಆ್ಯಪ್, ಸ್ವಂತ ಖರ್ಚಿನ ಖಾಸಗಿ ಕೋಚ್ ಮತ್ತು ಕಂಪನಿ ಏರ್ಪಡಿಸಿದ ಗುಂಪು ಕೋಚಿಂಗ್, ಈ ಮೂರನ್ನೂ ನಾನು ಬಳಸಿ ನೋಡಿದ್ದೇನೆ. ನಾವು ಕೆಲಸ ಮಾಡುವ ರೀತಿಯಿಂದ ಹುಟ್ಟುವ ಒತ್ತಡವೇ ಬೇರೆ, ಕೆಲಸ ನಮ್ಮ ಮೇಲೆ ಬಂದು ಬೀಳುವ ರೀತಿಯಿಂದ ಹುಟ್ಟುವ ಒತ್ತಡವೇ ಬೇರೆ. ಯಾವುದು ಯಾವುದಕ್ಕೆ ಒದಗುತ್ತದೆ ಎಂಬುದು ಗೊತ್ತಿದ್ದರೆ ಆಯ್ಕೆ ಸುಲಭವಾಗುತ್ತದೆ.

ಆ್ಯಪ್ ಎಲ್ಲಕ್ಕಿಂತ ಅಗ್ಗ, ಆದರೆ ಅದರಿಂದ ನನಗೆ ಸಿಕ್ಕ ಪ್ರಯೋಜನವೂ ಕಡಿಮೆ. ಒಂದು ದಿನ ಅಭ್ಯಾಸ ತಪ್ಪಿದರೆ ಅದು ಸತತ ದಿನಗಳ ನಮ್ಮ ಲೆಕ್ಕವನ್ನು ಸೊನ್ನೆಗೆ ಇಳಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಒಬ್ಬೊಬ್ಬರಿಗೆ ಅದು 18ರಿಂದ 254 ದಿನಗಳವರೆಗೆ ಬೇರೆಬೇರೆಯಾಗಿತ್ತು, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ದಣಿದ ಮನುಷ್ಯನಿಗೆ ಸೊನ್ನೆ ತೋರಿಸಿ ಹೆದರಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ಖಾಸಗಿ ಕೋಚ್ ಆಗಿ ನನಗೆ ದೊರೆತವರು ಧಾರವಾಡ ಕಡೆಯವರು, ಕೋಥರೂಡಿನಲ್ಲಿ ನೆಲೆಸಿದವರು. ಮೊದಲ ಭೇಟಿಯಲ್ಲಿ ಅವರು ಉಪದೇಶಕ್ಕೆ ಕೈಹಾಕದೆ, "ರಾತ್ರಿ ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ಕೊನೆಗೆ ಏನು ನೋಡತೀರಿ?" ಎಂದು ಕೇಳಿದರು. ನಾನು ನೋಡುತ್ತಿದ್ದುದು ಅಮೆರಿಕದ ಗ್ರಾಹಕರ ಮೇಲ್. ಅದನ್ನು ಓದಿ ಮಲಗಿದರೆ ನಿದ್ದೆ ಬರುವುದೆಲ್ಲಿಂದ? ಅಲ್ಲಿಂದ ಎರಡು ನಿಯಮಗಳು ಹುಟ್ಟಿದವು. ಕೊನೆಯ ಕಾಲ್ ಮುಗಿದ ಕೂಡಲೇ ನಾಳೆಯ ಕೆಲಸಗಳನ್ನು ಕಾಗದದ ಮೇಲೆ ಬರೆದಿಟ್ಟು ಲ್ಯಾಪ್‌ಟಾಪ್ ಮುಚ್ಚುವುದು. ಸಂಜೆ ಕಂಪನಿಯ ಬಸ್ಸು ದಾರಿಯಲ್ಲಿನ ವಾಕಡ್ ಬಡಾವಣೆ ದಾಟಿತೆಂದರೆ ಫೋನಿನಲ್ಲಿ ಕಚೇರಿಯ ಮೇಲ್ ತೆರೆಯದಿರುವುದು. "ಹೀಗಾದಾಗ ಹೀಗೆ ಮಾಡುತ್ತೇನೆ" ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ಈ ಬಗೆಯ ಸಂಕಲ್ಪವನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ವಾಕಡ್ ದಾಟುವುದು ಕಣ್ಣಿಗೆ ಕಾಣುವ ಗುರುತಾದ್ದರಿಂದ ಆ ನಿಯಮ ನನ್ನಲ್ಲಿ ನಿಂತಿತು, ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಕೇಳುವವರು ಒಬ್ಬರಿದ್ದಾರೆ ಎಂಬ ಅರಿವೂ ಅದಕ್ಕೆ ಬಲ ಕೊಟ್ಟಿತು. ಮನೆಯ ಚಿಂತೆಯನ್ನೂ ಕನ್ನಡದಲ್ಲಿ ಬಿಚ್ಚಿ ಹೇಳಿಕೊಳ್ಳಲು ಸಾಧ್ಯವಾದದ್ದು ಅಲ್ಲಿ ಮಾತ್ರ.

ಆದರೆ ರಾತ್ರಿ ಹತ್ತಕ್ಕೆ ಬರುವ ಸಂದೇಶವನ್ನು ಯಾವ ಖಾಸಗಿ ಕೋಚೂ ನಿಲ್ಲಿಸಲಾರರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ವಿವರಿಸಿತು: ಬಳಲಿಕೆ, ಕೆಲಸದಿಂದ ಮನಸ್ಸು ದೂರ ಸರಿಯುವುದು, ದಕ್ಷತೆ ಕುಗ್ಗುವುದು. ಕೆಲಸದ ಜಾಗದಲ್ಲಿ ಹುಟ್ಟಿದ್ದನ್ನು ಅಲ್ಲಿಯೇ ಸರಿಪಡಿಸಬೇಕಾಗುತ್ತದೆ, ಗುಂಪು ಕೋಚಿಂಗ್ ಒದಗಿದ್ದು ಇಲ್ಲಿಯೇ. ಮ್ಯಾನೇಜರ್ ಎದುರಿಗಿದ್ದುದರಿಂದ ಆರಂಭದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಕೋಚ್ ಎಲ್ಲರಿಗೂ ಚೀಟಿ ಕೊಟ್ಟು, ಹೆಸರು ಹಾಕದೆ, ವಾರದಲ್ಲಿ ಅತಿ ಹೆಚ್ಚು ಕಾಡಿದ ಒಂದು ಸಂಗತಿಯನ್ನು ಬರೆಯಲು ಹೇಳಿದಾಗ ಹೆಚ್ಚಿನ ಚೀಟಿಗಳಲ್ಲಿ ತಡರಾತ್ರಿಯ ಸಂದೇಶಗಳೇ ಇದ್ದವು. ರಾತ್ರಿ ಎಂಟರ ನಂತರ ಆ ವಾರ ತುರ್ತು ಕೆಲಸದ ಪಾಳಿಯಲ್ಲಿರುವವರು ಮಾತ್ರ ಉತ್ತರಿಸಬೇಕು, ಉಳಿದವರು ಬೆಳಿಗ್ಗೆ ನೋಡಿದರೆ ಸಾಕು ಎಂಬ ಒಪ್ಪಂದಕ್ಕೆ ನಮ್ಮ ತಂಡ ಬಂತು. ನನ್ನ ಮಟ್ಟಿಗೆ ಅತಿ ಹೆಚ್ಚು ನೆಮ್ಮದಿ ತಂದದ್ದು ಇದೇ.

ಆದರೂ ಕಂಪನಿ ಹಣ ಕೊಡುವ ಕಡೆ, ಯಾವ ಮಾತು ಎಚ್‌ಆರ್‌ವರೆಗೆ ಹೋಗುತ್ತದೆ ಎಂಬುದನ್ನು ಮೊದಲೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ಖಾಸಗಿ ಕೋಚ್ ಹುಡುಕುವಾಗ ಅರ್ಹತೆಯನ್ನು ವಿಚಾರಿಸಬೇಕು. ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು, ಕೋಚ್ ಎಂದು ಹೇಳಿಕೊಳ್ಳಲು ಅಂಥದೇನೂ ಬೇಕಿಲ್ಲ. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಎಂಬ ಕೋಚ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಕೊಡುವ ಎಸಿಸಿ, ಪಿಸಿಸಿ, ಎಂಸಿಸಿ ಎಂಬ ಮೂರು ಹಂತಗಳ ಪ್ರಮಾಣಪತ್ರಗಳು ಒಂದು ಆಧಾರವಾಗಬಲ್ಲವು; ಮೊದಲ ಹಂತದ ಎಸಿಸಿಗೇ ಕನಿಷ್ಠ 60 ಗಂಟೆಗಳ ತರಬೇತಿ ಮತ್ತು 100 ಗಂಟೆಗಳ ಅನುಭವ ಬೇಕಾಗುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ಕೋಚಿಂಗ್‌ನ ಕೆಲಸವಲ್ಲ. ವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಮ್ಯಾನೇಜರ್ ಕೂಡ ಬಂದು ಕೂರುವುದಾದರೆ ಮೊದಲು ಗುಂಪು ಕೋಚಿಂಗ್‌ಗೆ ಸೇರಿ ಎಂದೇ ನಾನು ಹೇಳುತ್ತೇನೆ. ಅವರು ಬರುವುದಿಲ್ಲವೆಂದಾದರೆ ಅಲ್ಲಿ ಸಮಯ ಕಳೆಯದೆ ಕೆಲವು ತಿಂಗಳ ಮಟ್ಟಿಗೆ ಖಾಸಗಿ ಕೋಚ್ ಹಿಡಿಯುವುದು ಮೇಲು. ನಾನು ಆ್ಯಪ್‌ನ ಚಂದಾ ನಿಲ್ಲಿಸಿದ್ದೇನೆ, ಗುಂಪಿನಲ್ಲಿ ಮುಂದುವರಿದಿದ್ದೇನೆ, ಕೋಥರೂಡಿನ ಕೋಚ್ ಬಳಿಗೆ ಹೊಸ ಪ್ರಾಜೆಕ್ಟ್ ಶುರುವಾದಾಗ ಮಾತ್ರ ಹೋಗುತ್ತೇನೆ.