ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟ್ ಸಂಸ್ಥೆ ಮಾರಿಕೊಡುವ ಬ್ರೋಕರ್ ಸೇವೆ: ಗಿರಾಕಿ ತರುತ್ತಾರೆ, ಬೆಲೆ ಕಟ್ಟಲು ಬರುವುದಿಲ್ಲ

ಬೆಂಗಳೂರಿನಲ್ಲಿ ನಡೆಯುತ್ತಿರುವ ಬಿಸಿನೆಸ್ ಮಾರಿಕೊಡುವ ಬ್ರೋಕರ್‌ಗಳು, ಆನ್‌ಲೈನ್ ಲಿಸ್ಟಿಂಗ್ ತಾಣಗಳು ಹೋಟೆಲ್, ಬೇಕರಿ ಮಾರಾಟಕ್ಕೆ ಚೆನ್ನಾಗಿಯೇ ಹೊಂದುತ್ತವೆ. ಅದೇ ಅಚ್ಚಿನಲ್ಲಿ ಎಲೆಕ್ಟ್ರಿಕಲ್ ಗುತ್ತಿಗೆ ಸಂಸ್ಥೆಯನ್ನೂ ಎರಕ ಹೊಯ್ಯಲು ಹೋಗುವುದೇ ತೊಂದರೆ. ಹೋಟೆಲ್ಲಿನ ಗುಡ್‌ವಿಲ್, ಅಂದರೆ ಗಳಿಸಿದ ಹೆಸರಿನ ಬೆಲೆ, ಜಾಗದಲ್ಲಿರುತ್ತದೆ. ಇಲ್ಲಿ ಅದು ಲೈಸೆನ್ಸಿನಲ್ಲಿ, ಸೂಪರ್‌ವೈಸರ್‌ನಲ್ಲಿ, ಬಾಕಿ ಬಿಲ್ಲುಗಳಲ್ಲಿ ಹಂಚಿಹೋಗಿರುತ್ತದೆ.

ಬ್ರೋಕರ್‌ಗಳ ಲೆಕ್ಕ ಸರಳ: ಮೂರು ವರ್ಷದ ಸರಾಸರಿ ವಹಿವಾಟು, ಅದರ ಲಾಭದ ಮೇಲೊಂದು ಗುಣಾಕಾರ. ಈಗಿನ ಮಾರುಕಟ್ಟೆಯಲ್ಲಿ ಈ ಸರಾಸರಿಯನ್ನು ನಂಬುವಂತಿಲ್ಲ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2025ರಲ್ಲಿ ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇಲ್ಲದ ಕಟ್ಟಡಗಳಿಗೆ ಬೆಸ್ಕಾಂ ಹೊಸ ಸಂಪರ್ಕ ಕೊಡುವುದನ್ನು ನಿಲ್ಲಿಸಿತು. ಮನೆ ಮೀಟರ್, ಅಪಾರ್ಟ್‌ಮೆಂಟ್ ಸರ್ವಿಸ್ ಕೆಲಸವನ್ನೇ ನಂಬಿದ್ದವರ ಗಲ್ಲಾಪೆಟ್ಟಿಗೆ ಅಲ್ಲಿಗೇ ಒಣಗಿತು. 30×40 ಅಡಿ ಸೈಟಿನ ಮನೆಗಳಿಗೆ ಆಮೇಲೆ ವಿನಾಯಿತಿ ಸಿಕ್ಕರೂ ದೊಡ್ಡ ಕಟ್ಟಡಗಳ ಕೆಲಸಕ್ಕೆ ಅದರಿಂದ ಪ್ರಯೋಜನವಿಲ್ಲ. ಇನ್ನೊಂದು ಕಡೆ, ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್‌ಗೆ 78,000 ರೂಪಾಯಿ ಸಬ್ಸಿಡಿ ಇರುವುದರಿಂದ ಚಾವಣಿ ಕೆಲಸ ಮಾಡುವವರ ಪುಸ್ತಕ ಬೇರೆಯೇ ಕಥೆ ಹೇಳುತ್ತದೆ. ಆದ್ದರಿಂದ ಬ್ರೋಕರ್ ಕೈಗೆ ಲೆಕ್ಕ ಕೊಡುವ ಮುನ್ನ ಆದಾಯವನ್ನು ನಾಲ್ಕು ಭಾಗ ಮಾಡಿಸಿ: ಹೊಸ ಸಂಪರ್ಕ, ಸರ್ಕಾರಿ ಟೆಂಡರ್, ಕಾರ್ಖಾನೆಗಳ ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ), ಸೋಲಾರ್. ಹೆಚ್ಚು ಬೆಲೆ ಬರುವುದು ಎಎಂಸಿಗೆ. ಟ್ರಾನ್ಸ್‌ಫಾರ್ಮರ್ ಎಣ್ಣೆ ಪರೀಕ್ಷೆ, ರಿಲೇ ಟೆಸ್ಟಿಂಗ್, ಅರ್ಥ್ ಪಿಟ್ ಅಳತೆ, ಎಲ್ಲವೂ ವರ್ಷ ವರ್ಷ ಮರಳಿ ಬರುವ ಕೆಲಸ.

ಲಾಭದ ಅಂಕಿಯಲ್ಲೂ ಒಂದು ಕಳ್ಳಗಂಡಿಯಿದೆ. ವಹಿವಾಟು 4 ಕೋಟಿ, ಲಾಭ ಶೇ. 8 ಎಂದರೆ 32 ಲಕ್ಷ. ಮಾಲೀಕ ತಾನೇ ಎಸ್ಟಿಮೇಟ್ ಹಾಕಿ, ತಾನೇ ಸೈಟಿಗೆ ಓಡಾಡಿ, ಸಂಬಳ ಬರೆದುಕೊಳ್ಳದಿದ್ದರೆ ಆ ಕೆಲಸಕ್ಕೆ ಇಂಜಿನಿಯರ್ ಇಡುವ ಖರ್ಚು, ವರ್ಷಕ್ಕೆ 12 ಲಕ್ಷವೆಂದರೂ, ಕಳೆಯಲೇಬೇಕು. ಉಳಿದದ್ದು 20 ಲಕ್ಷ. ಲಾಭದ ಮೂರು ಪಟ್ಟು ಬೆಲೆ ಒಪ್ಪಿದರೂ 96 ಲಕ್ಷದ ಜಾಗದಲ್ಲಿ 60 ಲಕ್ಷ. ಬ್ರೋಕರ್ 96 ತೋರಿಸಿ ಲಿಸ್ಟಿಂಗ್ ಶುಲ್ಕ ತೆಗೆದುಕೊಂಡಿರುತ್ತಾನೆ. ಕೊಳ್ಳುವವನ ಆಡಿಟರ್ ಎರಡೇ ದಿನದಲ್ಲಿ 60ಕ್ಕೆ ಇಳಿಸುತ್ತಾನೆ. ಬಹಳಷ್ಟು ವ್ಯವಹಾರ ಮುರಿದುಬೀಳುವುದು ಇಲ್ಲಿಯೇ.

ಲೈಸೆನ್ಸ್ ವಿಷಯದಲ್ಲಂತೂ ಈ ಸೇವೆ ತೀರಾ ಕಳಪೆ. ವಿದ್ಯುತ್ ಪರಿವೀಕ್ಷಣಾಲಯ ಕೊಡುವ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಅಂಗಡಿ ಬೋರ್ಡಿನಂತೆ ಕೈ ಬದಲಾಯಿಸುವ ಸರಕಲ್ಲ. ಒಬ್ಬರೇ ಮಾಲೀಕರ ಸಂಸ್ಥೆಯಾದರೆ ಕೊಳ್ಳುವವನಿಗೆ ಅವನದೇ ಲೈಸೆನ್ಸ್ ಬೇಕು. ಹಳೆಯ ಕೆಲಸಗಳ ಅನುಭವ ಪ್ರಮಾಣಪತ್ರವೂ ಟೆಂಡರಿನಲ್ಲಿ ಅವನಿಗೆ ಸಲ್ಲುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಪ್ರೈವೇಟ್ ಲಿಮಿಟೆಡ್ ಆದರೆ ಷೇರು ವರ್ಗವಾಗುತ್ತದೆ, ಕಂಪನಿ ಹಾಗೆಯೇ ಉಳಿಯುತ್ತದೆ. ಆದರೆ ಪರ್ಮಿಟ್ ಇರುವ ಸೂಪರ್‌ವೈಸರ್ ಮರುದಿನವೇ ಕೆಲಸ ಬಿಟ್ಟರೆ ಲೈಸೆನ್ಸ್ ಇದ್ದೂ ಕೆಲಸಕ್ಕೆ ಕೈಹಾಕುವಂತಿಲ್ಲ. ಅವರ ಜೊತೆ ಕನಿಷ್ಠ ಒಂದು ವರ್ಷದ ಕರಾರು ಮೊದಲೇ ಆಗಿರಲಿ. ಬ್ರೋಕರ್ ಸಿದ್ಧಪಡಿಸುವ ಕಡತದಲ್ಲಿ ಸಾಮಾನ್ಯವಾಗಿ ಈ ಪುಟವೇ ಇರುವುದಿಲ್ಲ. ಬಕೆಟ್ ಗಾಡಿ, ಮೆಗ್ಗರ್, ಕ್ರಿಂಪಿಂಗ್ ಟೂಲ್‌ಗಳ ಫೋಟೋ ಮಾತ್ರ ಚೆಂದ ಚೆಂದ ಇರುತ್ತವೆ!

ಬಾಕಿ ಬಿಲ್ಲು ಇನ್ನೊಂದು ಗುಂಡಿ. ಎಂ.ಬಿ.ಯಲ್ಲಿ (ಅಳತೆ ಪುಸ್ತಕದಲ್ಲಿ) ಅಳತೆ ಬರೆದು ಸಹಿಯಾದದ್ದು, ಕೆಲಸ ಮುಗಿದರೂ ಅಳತೆಯಾಗದ್ದು, ಕೆಲಸ ಕೊಟ್ಟವರು ಬಿಲ್ಲಿನಲ್ಲಿ ಹಿಡಿದಿಟ್ಟುಕೊಂಡ ರಿಟೆನ್ಷನ್ ಹಣ: ಈ ಮೂರನ್ನೂ ಒಂದೇ ಸಾಲಿನಲ್ಲಿ ‘ಬರಬೇಕಾದ ಹಣ’ ಎಂದು ಬರೆದರೆ ಕೊಳ್ಳುವವನು ಎಲ್ಲಕ್ಕೂ ಒಂದೇ ಕತ್ತರಿ ಹಾಕುತ್ತಾನೆ. ಬೇರೆ ಬೇರೆ ಬರೆದು, ದೋಷ ಹೊಣೆಗಾರಿಕೆ ಅವಧಿ (ಕೆಲಸದ ದೋಷವನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಕಾಲ) ಮುಗಿಯುವ ತಾರೀಖು ಎದುರಿಗೆ ಹಾಕಿ. ಬ್ಯಾಂಕ್ ಗ್ಯಾರಂಟಿಗೆ ಒತ್ತೆಯಿಟ್ಟ ಎಫ್‌ಡಿ, ಮಾಲೀಕರ ವೈಯಕ್ತಿಕ ಜಾಮೀನು ಯಾವತ್ತು ಬಿಡುಗಡೆಯಾಗುತ್ತದೆ ಎಂಬುದು ಕರಾರಿನಲ್ಲೇ ಬರಬೇಕು. ಇಲ್ಲದಿದ್ದರೆ ಸಂಸ್ಥೆ ಮಾರಿದ ಮೇಲೂ ಕೊಂಡವನ ತಪ್ಪಿಗೆ ನಿಮ್ಮ ಎಫ್‌ಡಿ ಹೋಗುತ್ತದೆ. ತೆರಿಗೆಗೂ ಇದೇ ಮಾತು, ತಿರುಗುಮುರುಗಾಗಿ: ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಪ್ರಕಾರ ವ್ಯವಹಾರ ವರ್ಗವಾಗುವವರೆಗಿನ ಬಾಕಿಗೆ ಕೊಂಡವನೂ ಜಂಟಿ ಹೊಣೆಗಾರ. ಜಾಣ ಗಿರಾಕಿ ಇದಕ್ಕೆಂದೇ ಹಣದಲ್ಲಿ ಒಂದು ಪಾಲು ತಡೆಹಿಡಿಯುತ್ತಾನೆ. ವ್ಯವಹಾರವನ್ನೇ ಇಡಿಯಾಗಿ ವರ್ಗಾಯಿಸಿದರೆ ಉಳಿದ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯಲ್ಲಿ ಬಳಸದೆ ಉಳಿದದ್ದು) ಕೊಂಡವನಿಗೆ ದಾಟಿಸಲು ಐಟಿಸಿ-02 ಫಾರಂ ಬೇಕು.

ಹಾಗಾದರೆ ಬ್ರೋಕರ್ ಬೇಡವೇ? ಊರಾಚೆಯ ಗಿರಾಕಿಯನ್ನು, ಅದರಲ್ಲೂ ಬೆಂಗಳೂರಿಗೆ ಕಾಲಿಡಲು ನೋಡುವ ಹೊರರಾಜ್ಯದ ಸೋಲಾರ್ ಕಂಪನಿಗಳನ್ನು ಹಿಡಿದು ತರಲು ಅವರೇ ಸರಿ. ಹೆಸರು ಬಯಲಾಗದಂತೆ ಮಾತು ಮುಂದುವರಿಸುವುದರಲ್ಲೂ ನಿಪುಣರು. ಮಾರಾಟದ ಸುದ್ದಿ ಹಬ್ಬಿದರೆ ವೈರ್‌ಮನ್‌ಗಳು ಚದುರುತ್ತಾರೆ, ಕೇಬಲ್ ಡೀಲರ್ ಸಾಲ ನಿಲ್ಲಿಸುತ್ತಾನೆ. ಆ ಕೆಲಸಕ್ಕಷ್ಟೇ ಹಣ ಕೊಡಿ. ಮುಂಗಡ ಶುಲ್ಕ ಚಿಕ್ಕದಿರಲಿ, ಕಮಿಷನ್ ನಿಮ್ಮ ಕೈಗೆ ಹಣ ಬಂದಂತೆ ಕಂತಿನಲ್ಲಿ ಹೋಗಲಿ. ಕರಾರು ಮುಗಿದ ಮೇಲೆ ನೀವೇ ಹುಡುಕಿದ ಗಿರಾಕಿಗೂ ಕಮಿಷನ್ ಕೇಳುವ ಸಾಲೊಂದು ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅವರು ಲಿಖಿತವಾಗಿ ಪರಿಚಯಿಸಿದ ಹೆಸರುಗಳಿಗೆ ಮಾತ್ರ ಅದು ಅನ್ವಯ ಎಂದು ತಿದ್ದಿಸಿದ ಮೇಲೆಯೇ ಸಹಿ ಹಾಕಿ.